ಎಜುಸ್ಯಾಟ್: ಪಾಠ ಹೇಳಲು ಹೋದ ಉಪಗ್ರಹದ ಕತೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. "ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೀಯ, ಕಂಪ್ಯೂಟರ್ ಬಗ್ಗೆ ಬರಿ" ಎಂದರು. ಕಂಪ್ಯೂಟರ್ ಬಗ್ಗೆ ಈಗಿನ ಮಕ್ಕಳಿಗೆ ನಾನು ಹೇಳಬೇಕಾದ್ದು ಏನೂ ಉಳಿದಿಲ್ಲ. ಒಂದು ಉಪಗ್ರಹದ ಕತೆ ಬರೆಯುತ್ತೇನೆ ಸಾರ್ ಎಂದೆ. "ಯಾವುದಪ್ಪಾ, ಚಂದ್ರಯಾನವೇ?" ಎಂದರು. ಅಲ್ಲ ಸಾರ್, ಎಜುಸ್ಯಾಟ್ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಣದ ಲೆಕ್ಕದಲ್ಲಿ ಹೇಳಿದ್ದೆನಲ್ಲ, ಅದೇನಾ?" ಎಂದು ಕೇಳಿದರು. ನನಗೆ ನೆನಪಿರುವುದು ದೊಡ್ಡ ವಿಷಯವಲ್ಲ, ಸಾವಿರಾರು ಮಕ್ಕಳಿಗೆ ಪಾಠ ಹೇಳಿದ ಅವರಿಗೂ ನೆನಪಿತ್ತು.

2004ರ ಸೆಪ್ಟೆಂಬರ್ 20, ಸೋಮವಾರ. ಗಣೇಶನ ಹಬ್ಬ ಮುಗಿದು ಎರಡು ದಿನವಾಗಿತ್ತು. ನಾನು ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಆ ದಿನ ಸಂಜೆ ನಾಲ್ಕು ಗಂಟೆಯ ಹೊತ್ತಿಗೆ, ನಾವು ಕೊನೆಯ ಪೀರಿಯಡ್ಡಿನಲ್ಲಿ ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಾಯುತ್ತಿದ್ದಾಗ, ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್01 ಎಂಬ ರಾಕೆಟ್ ಮೇಲೆ ಹೋಯಿತು. 49 ಮೀಟರ್ ಎತ್ತರ, 414 ಟನ್ ತೂಕದ ರಾಕೆಟ್ಟು. ಅದರ ತುದಿಯಲ್ಲಿ 1950 ಕಿಲೋ ತೂಕದ ಎಜುಸ್ಯಾಟ್ ಇತ್ತು. ಸುಮಾರು 17 ನಿಮಿಷದಲ್ಲಿ ಉಪಗ್ರಹ ರಾಕೆಟ್ಟಿನಿಂದ ಬಿಡಿಸಿಕೊಂಡಿತು. ಶಿಕ್ಷಣಕ್ಕೆಂದೇ ಮೀಸಲಾಗಿ ಭಾರತ ಹಾರಿಸಿದ ಮೊದಲ ಉಪಗ್ರಹ ಅದು.

ಮರುದಿನ ಮೇಷ್ಟ್ರು ಪೇಪರ್ ಹಿಡಿದುಕೊಂಡೇ ತರಗತಿಗೆ ಬಂದರು. ಉಪಗ್ರಹ 36,000 ಕಿಲೋಮೀಟರ್ ಎತ್ತರಕ್ಕೆ ಹೋಗಿ ಒಂದೇ ಕಡೆ ನಿಂತುಬಿಡುತ್ತದೆ ಎಂದು ಓದಿದರು. ಹಿಂದಿನ ಬೆಂಚಿನಿಂದ ಯಾರೋ, "ಕೆಳಗೆ ಬೀಳಲ್ವಾ ಸಾರ್?" ಎಂದ. ಎಲ್ಲರೂ ನಕ್ಕೆವು. ಮೇಷ್ಟ್ರು ನಗಲಿಲ್ಲ. ಕರಿಹಲಗೆಯ ಮೇಲೆ ಒಂದು ಕಣ ಬರೆದರು, ನಡುವೆ ಮೇಟಿ.

ಕಣ ನೋಡಿದವರಿಗೆ ಇದು ಗೊತ್ತು. ಮೇಟಿಗೆ ಹಗ್ಗ ಹಾಕಿ ಸಾಲಾಗಿ ಎತ್ತುಗಳನ್ನು ಕಟ್ಟಿ ತುಳಿಸುವಾಗ, ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ಹೆಜ್ಜೆ ಹಾಕುತ್ತದೆ, ತುದಿಯ ಎತ್ತು ಬಿರಬಿರನೆ ನಡೆಯಬೇಕು. ಆದರೂ ಸಾಲು ಕೆಡುವುದಿಲ್ಲ. ಒಳಗಿನ ಎತ್ತು ಯಾವಾಗ ಕತ್ತು ತಿರುಗಿಸಿ ನೋಡಿದರೂ ಹೊರಗಿನ ಎತ್ತು ಪಕ್ಕದಲ್ಲೇ ಇರುತ್ತದೆ. "ಒಳಗಿನ ಎತ್ತು ನಾವು, ತ್ಯಾಮಗೊಂಡ್ಲು. ಹೊರಗಿನ ಎತ್ತು ಉಪಗ್ರಹ. ಅದು ನಿಂತಿಲ್ಲ, ನಮ್ಮ ಜೊತೆಗೇ ಸುತ್ತುತ್ತಿದೆ. ಭೂಮಿಯ ಸೆಳೆತವೇ ಹಗ್ಗ" ಎಂದರು ಮೇಷ್ಟ್ರು. ಆ ವೇಳೆಗೆ ನಮ್ಮ ಕಡೆ ಕಣ ಮಾಡುವವರು ಕಮ್ಮಿಯಾಗಿ, ರಾಗಿ ತೆನೆಯನ್ನು ಡಾಂಬರು ರಸ್ತೆಗೆ ಹರಡಿ ಬಸ್ಸು ಲಾರಿಗಳಿಂದ ತುಳಿಸುವ ಪದ್ಧತಿ ಬಂದಿತ್ತು. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಆ ಉದಾಹರಣೆ ತರಗತಿಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಮುಂದೆ ಬಿಇಯಲ್ಲಿ ಇದೇ ವಿಷಯವನ್ನು ಸೂತ್ರಗಳೊಂದಿಗೆ ಓದಿದೆ. ಕಣದ ಉದಾಹರಣೆಯಲ್ಲಿ ಒಂದೇ ಒಂದು ಕೊರತೆಯಿದೆ: ಕಣದಲ್ಲಿ ಹಗ್ಗ ಎಷ್ಟುದ್ದ ಬೇಕಾದರೂ ಇಟ್ಟುಕೊಳ್ಳಬಹುದು, ಆಕಾಶದಲ್ಲಿ ಹಾಗಿಲ್ಲ. ಭೂಮಿಗೆ ಹತ್ತಿರ ಸುತ್ತುವ ಉಪಗ್ರಹ ಒಂದೂವರೆ ಗಂಟೆಗೆ ಒಂದು ಸುತ್ತು ಮುಗಿಸುತ್ತದೆ, ದೂರ ಹೋದಷ್ಟೂ ನಿಧಾನ. ಸಮಭಾಜಕದ ನೇರ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ ಮಾತ್ರ ಸುತ್ತಿನ ಅವಧಿ ಭೂಮಿಯ ಒಂದು ದಿನಕ್ಕೆ ಸರಿಹೊಂದುತ್ತದೆ. ಆರ್ಥರ್ ಸಿ. ಕ್ಲಾರ್ಕ್ ಎಂಬ ಇಂಗ್ಲಿಷ್ ಲೇಖಕರು 1945ರಲ್ಲೇ, ಅಲ್ಲಿ ಮೂರು ಉಪಗ್ರಹ ಇಟ್ಟರೆ ಇಡೀ ಜಗತ್ತಿಗೆ ಸುದ್ದಿ ಮುಟ್ಟಿಸಬಹುದು ಎಂದು ಬರೆದಿದ್ದರು.

ಎಜುಸ್ಯಾಟ್ ಕತೆ ಶ್ರೀಹರಿಕೋಟಾದಿಂದ ಶುರುವಾಗುವುದಿಲ್ಲ. ಅದರ ಬೇರು ನಾವು ದಿನಾ ಮೆಜೆಸ್ಟಿಕ್ಕಿಗೆ ಹೋಗುವ ದಾರಿಯಲ್ಲೇ ಇದೆ. ನೆಲಮಂಗಲ ದಾಟಿ ಹೋಗುವಾಗ ಪೀಣ್ಯ ಬರುತ್ತದಲ್ಲ, ಅಲ್ಲಿನ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡುಗಳಲ್ಲಿ 1972ರ ನಂತರ ಭಾರತದ ಮೊದಲ ಉಪಗ್ರಹ ತಯಾರಾಯಿತು. ಅದರ ಮುಂದಾಳು ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್. ವಿಕ್ರಮ್ ಸಾರಾಭಾಯಿ ಅವರ ಶಿಷ್ಯರು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್‌ನಿಂದ ಅವರದೇ ರಾಕೆಟ್ಟಿನಲ್ಲಿ ಹೋಯಿತು. ಅದರ ಸಂಕೇತ ಹಿಡಿಯಲು ಬೆಂಗಳೂರಿನಲ್ಲಿ ಜಾಗ ಸಾಲದೆ ಒಂದು ಶೌಚಾಲಯವನ್ನೇ ಕೇಂದ್ರವಾಗಿ ಮಾರ್ಪಡಿಸಿದರು ಎಂದು ಹೇಳುತ್ತಾರೆ. ಹಳೆಯ ಎರಡು ರೂಪಾಯಿ ನೋಟು ಯಾರ ಮನೆಯಲ್ಲಾದರೂ ಇದ್ದರೆ ತಿರುಗಿಸಿ ನೋಡಿ, ಆರ್ಯಭಟದ ಚಿತ್ರವಿರುವ ನೋಟುಗಳಿವೆ. ನಮ್ಮ ಊರಿನ ಎಷ್ಟೋ ಜನ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದಿದ್ದಾರೆ, ಈಗಲೂ ದುಡಿಯುತ್ತಾರೆ. ನಮ್ಮಪ್ಪನೂ ಕೆಲವು ವರ್ಷ ಅಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಆರ್ಯಭಟ ಅಲ್ಲಿ ತಯಾರಾದದ್ದು ಅವರಿಗೆ ನಾನು ಹೇಳುವವರೆಗೂ ಗೊತ್ತಿರಲಿಲ್ಲ.

ಆದರೆ ಆರ್ಯಭಟ ಪಾಠ ಹೇಳುವ ಉಪಗ್ರಹವಲ್ಲ. ಆಕಾಶದಿಂದ ಹಳ್ಳಿಗೆ ಪಾಠ ಮೊದಲು ಬಂದದ್ದು ಅದೇ ವರ್ಷ, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಭಾರತಕ್ಕೆ ಬಿಟ್ಟುಕೊಟ್ಟಿದ್ದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಆ ಪ್ರಯೋಗಕ್ಕೆ ಸೈಟ್ ಎಂದು ಹೆಸರು. ಆರು ರಾಜ್ಯಗಳ 2,400 ಹಳ್ಳಿಗಳನ್ನು ಅದಕ್ಕೆ ಆರಿಸಿಕೊಂಡರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ, ಒಂದು ಟಿವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಆಗ ಬೆಂಗಳೂರು ನಗರಕ್ಕೇ ಟಿವಿ ಬಂದಿರಲಿಲ್ಲ ಎಂಬುದನ್ನು ನೆನೆದರೆ, ರಾಯಚೂರಿನ ಹಳ್ಳಿಯ ಹುಡುಗ ಬೆಂಗಳೂರಿನ ಹುಡುಗನಿಗಿಂತ ಮೊದಲು ಟಿವಿ ನೋಡಿದ ಎಂದಾಯಿತು. ನಮ್ಮ ದೇಶದಲ್ಲಿ ಇಂಥದು ಅಪರೂಪ.

ಒಂದು ವರ್ಷ ಮುಗಿಯಿತು, ಉಪಗ್ರಹವನ್ನು ಹಿಂದಕ್ಕೆ ಕೊಡಬೇಕಾಯಿತು. ಎರವಲು ತಂದ ಎತ್ತಿನಲ್ಲಿ ಎಷ್ಟು ದಿನ ಉಳುವುದು? ಆಮೇಲಿನ ಮೂವತ್ತು ವರ್ಷದ ಕತೆ ಸ್ವಂತ ಎತ್ತು ಕಟ್ಟುವ ಕತೆ.

1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ ಮೇಲೆ ಹೋದ ಆಪಲ್ ನಮ್ಮ ಮೊದಲ ಸಂಪರ್ಕ ಉಪಗ್ರಹ, ಬೆಂಗಳೂರಿನಲ್ಲೇ ಕಟ್ಟಿದ್ದು. ಅದನ್ನು ಎತ್ತಿನ ಗಾಡಿಯ ಮೇಲಿಟ್ಟ ಫೋಟೊ ನೀವೆಲ್ಲ ವಾಟ್ಸಾಪಿನಲ್ಲಿ ನೋಡಿರುತ್ತೀರಿ. ಅದನ್ನು ಕಳಿಸುವವರು ಬಡತನದ ಗುರುತು ಎಂಬಂತೆ ಕಳಿಸುತ್ತಾರೆ. ನಿಜ ಸಂಗತಿ ಬೇರೆ. ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತಮುತ್ತ ಲೋಹವಿದ್ದರೆ ಅಲೆಗಳು ಅದಕ್ಕೆ ಬಡಿದು ಅಳತೆ ತಪ್ಪುತ್ತದೆ. ಲಾರಿ ಪೂರ್ತಿ ಕಬ್ಬಿಣ. ಬಯಲಿಗೆ ಒಯ್ದು ಪರೀಕ್ಷಿಸಲು ಮರದ ಗಾಡಿಯೇ ಸರಿ. ನಾನು ಕೆಲಸ ಮಾಡುವ ಕಡೆ ಕೋಟಿಗಟ್ಟಲೆ ಖರ್ಚು ಮಾಡಿ ಸಣ್ಣ ತೊಂದರೆ ಬಗೆಹರಿಸುವುದನ್ನು ನೋಡುತ್ತೇನೆ, ಆಗೆಲ್ಲ ಆ ಗಾಡಿ ನೆನಪಾಗುತ್ತದೆ. ಆಪಲ್ ಮೇಲೆ ಹೋದಮೇಲೆ ಅದರ ಎರಡು ಸೌರ ಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಒಂದೇ ರೆಕ್ಕೆಯಲ್ಲಿ ಅದು ಎರಡು ವರ್ಷಕ್ಕೂ ಹೆಚ್ಚು ಕೆಲಸ ಮಾಡಿತು.

ಮುಂದೆ ಇನ್ಸಾಟ್ ಸರಣಿ. ಮೊದಲನೆಯ ತಲೆಮಾರನ್ನು ಅಮೆರಿಕದ ಫೋರ್ಡ್ ಕಂಪನಿಯಿಂದ ಕಟ್ಟಿಸಿದರು. ಅವನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನಕ್ಕೆ ಬಂತು. 1982ರ ಏಪ್ರಿಲ್‌ನಲ್ಲಿ ಹೋದ ಇನ್ಸಾಟ್-1ಎ ಐದೇ ತಿಂಗಳಲ್ಲಿ ಇಂಧನ ಮುಗಿದು ಕೈಬಿಟ್ಟಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಉಳಿಯಿತು. ನಮ್ಮ ಊರಿನ ಹಿರಿಯರು ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಮನೆಯ ನಡುಮನೆ ತುಂಬಿ ರಾಮಾಯಣ ನೋಡಿದ್ದನ್ನು ಈಗಲೂ ಹೇಳುತ್ತಾರೆ. ಆ ರಾಮ ಬಂದದ್ದು ಇನ್ಸಾಟ್-1ಬಿ ದಾರಿಯಲ್ಲಿ. 1992ರ ಜುಲೈಯಲ್ಲಿ ಹೋದ ಇನ್ಸಾಟ್-2ಎ ಹೊತ್ತಿಗೆ ಉಪಗ್ರಹ ಕಟ್ಟುವುದು ಬೆಂಗಳೂರಿಗೆ ಬಂದಿತ್ತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಪೀಣ್ಯದ ಶೆಡ್ಡಿನ ಅದೇ ಯು.ಆರ್. ರಾವ್. ಉಪಗ್ರಹವೇನೋ ನಮ್ಮದು, ಎತ್ತರಕ್ಕೆ ಒಯ್ಯುವ ರಾಕೆಟ್ ಮಾತ್ರ ಇನ್ನೂ ಪರರದು. ಆ ಕೊರತೆ ನೀಗಿಸಲು ಹೊರಟದ್ದೇ ಜಿಎಸ್‌ಎಲ್‌ವಿ. 2001 ಮತ್ತು 2003ರಲ್ಲಿ ಎರಡು ಪರೀಕ್ಷಾ ಹಾರಾಟ ನಡೆದವು. ಮೂರನೆಯದು, ಅಂದರೆ ಮೊದಲ ನಿಜವಾದ ಕೆಲಸದ ಹಾರಾಟ, ಎಜುಸ್ಯಾಟ್ ಹೊತ್ತದ್ದು.

ಎಜುಸ್ಯಾಟ್ ವಿಶೇಷ ಏನೆಂದರೆ ಅದರ ಬೆಳಕು ಬೀಳುವ ರೀತಿ. ಹಿಂದಿನ ಉಪಗ್ರಹಗಳು ಹೆಚ್ಚಾಗಿ ಇಡೀ ದೇಶದ ಮೇಲೆ ಒಟ್ಟಿಗೆ ಸಂಕೇತ ಸುರಿಯುತ್ತಿದ್ದವು, ಬೀದಿದೀಪದಂತೆ. ಎಜುಸ್ಯಾಟ್ ಬ್ಯಾಟರಿ ಹಿಡಿದಂತೆ. ದೇಶವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಈಶಾನ್ಯ ಎಂದು ಐದು ಪಾಲು ಮಾಡಿ ಒಂದೊಂದಕ್ಕೆ ಒಂದೊಂದು ಕಿರಣ. ಇಡೀ ದೇಶಕ್ಕೆ ಬೇರೆ ಇನ್ನೊಂದು, ಜೊತೆಗೆ ಸಿ-ಬ್ಯಾಂಡಿನವು ಆರು, ಒಟ್ಟು 12 ಟ್ರಾನ್ಸ್‌ಪಾಂಡರ್. ಕಿರಣ ಸಣ್ಣ ಜಾಗಕ್ಕೆ ಬಿದ್ದರೆ ಅಲ್ಲಿ ಹೊಳಪು ಜಾಸ್ತಿ, ಆದ್ದರಿಂದ ನೆಲದ ಮೇಲಿನ ಬುಟ್ಟಿ ಚಿಕ್ಕದಾದರೂ ಸಾಕು. ಅದಕ್ಕಿಂತ ಮುಖ್ಯವಾದ್ದು ಭಾಷೆ. ದಕ್ಷಿಣದ ಕಿರಣದಲ್ಲಿ ಕನ್ನಡ ಮಾತಾಡಬಹುದು, ಪಾಟ್ನಾದವರ ಪಾಠಕ್ಕೆ ಅಡ್ಡಿಯಿಲ್ಲ. ದೆಹಲಿಯಿಂದ ಹಿಂದಿ ಮತ್ತು ಇಂಗ್ಲಿಷಿನಲ್ಲಿ ದೇಶಕ್ಕೆಲ್ಲ ಒಂದೇ ಪಾಠ ಎಂಬ ಯೋಚನೆಗಿಂತ ಇದು ಮೇಲು ಎಂದು ನನಗೆ ಅನ್ನಿಸುತ್ತದೆ. ಆ ಉಪಗ್ರಹಕ್ಕೆ ಕೊಟ್ಟ ಸ್ಥಾನ ಪೂರ್ವ ರೇಖಾಂಶ 74 ಡಿಗ್ರಿ. ತ್ಯಾಮಗೊಂಡ್ಲು ಇರುವುದು 77 ಡಿಗ್ರಿ ಚಿಲ್ಲರೆಯಲ್ಲಿ. ಅಂದರೆ ಹೆಚ್ಚುಕಡಿಮೆ ನಮ್ಮ ತಲೆಯ ಮೇಲೇ, ದಕ್ಷಿಣಕ್ಕೆ ಒಂಚೂರು ವಾಲಿದಂತೆ.

ಪ್ರಯೋಗಕ್ಕೆ ಮೊದಲು ಆರಿಸಿಕೊಂಡದ್ದು ಮೂರು ವಿಶ್ವವಿದ್ಯಾಲಯಗಳನ್ನು: ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ, ಭೋಪಾಲದ ರಾಜೀವ್ ಗಾಂಧಿ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಉಪಗ್ರಹ ಏರುವ ಮೊದಲೇ ಇನ್ಸಾಟ್-3ಬಿ ಬಳಸಿ ತಾಲೀಮು ಶುರುವಾಗಿತ್ತು. ಶಾಲೆಗಳ ಪೈಕಿ ಕರ್ನಾಟಕದಲ್ಲಿ ಮೊದಲ ಸರದಿ ಚಾಮರಾಜನಗರ ಜಿಲ್ಲೆಗೆ, 885 ಪ್ರಾಥಮಿಕ ಶಾಲೆಗಳಿಗೆ ಬುಟ್ಟಿ ಮತ್ತು ಟಿವಿ ಹೋದವು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೀಮೆ ಅದು, ಮೇಷ್ಟ್ರುಗಳ ಕೊರತೆ ಎದ್ದು ಕಾಣುವ ಜಿಲ್ಲೆ. ನಮ್ಮ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ನಾನು 2005ರಲ್ಲಿ ಶಾಲೆ ಬಿಡುವವರೆಗೆ ನಮಗೆ ಸಿಕ್ಕಿದ್ದು ಮೇಷ್ಟ್ರು ಬರೆದ ಕಣದ ಚಿತ್ರವಷ್ಟೆ.

ನನಗೆ ಎಜುಸ್ಯಾಟ್ ಸಿಕ್ಕಿದ್ದು 2007ರಲ್ಲಿ ಬಿಇ ಸೇರಿದ ಮೇಲೆ.

ಕನ್ನಡ ಮಾಧ್ಯಮದಿಂದ ಹೋದವರಿಗೆ ಬಿಇ ಮೊದಲ ವರ್ಷ ಹೇಗಿರುತ್ತದೆ ಎಂದು ಈ ಸಂಚಿಕೆ ಓದುವ ಬಹಳ ಜನಕ್ಕೆ ಗೊತ್ತು. ಪಿಯುಸಿಯಲ್ಲೇ ಇಂಗ್ಲಿಷ್ ಶುರುವಾದರೂ ಅಲ್ಲಿ ಲೆಕ್ಚರರ್ ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದರು. ಬಿಇಯಲ್ಲಿ ಅದೂ ಇಲ್ಲ. ಮೊದಲ ಸೆಮಿಸ್ಟರಿನಲ್ಲಿ ನನ್ನ ಎರಡು ವಿಷಯ ಹೋದವು. ಮನೆಯಲ್ಲಿ ಒಂದು ಎಂದು ಹೇಳಿದ್ದೆ. ಎರಡು ಎಂಬುದು ಅಪ್ಪನಿಗೆ ಈ ಲೇಖನದಿಂದ ಗೊತ್ತಾಗಲಿದೆ. ತರಗತಿಯಲ್ಲಿ ಎದ್ದುನಿಂತು ಅರ್ಥವಾಗಲಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಏನು ಅರ್ಥವಾಗಲಿಲ್ಲ ಎಂದು ಹೇಳಲು ಬೇಕಾದ ಇಂಗ್ಲಿಷೂ ಇರಲಿಲ್ಲ.

ಕಾಲೇಜಿನ ಮೂರನೆಯ ಮಹಡಿಯ ಕೊನೆಯಲ್ಲಿ ಎಜುಸ್ಯಾಟ್ ಕೊಠಡಿ ಎಂದು ಬೋರ್ಡು ಹಾಕಿದ ಒಂದು ರೂಮಿತ್ತು. ಹೆಚ್ಚಿನ ದಿನ ಬೀಗ. ಕೀಲಿ ಲ್ಯಾಬ್ ಅಟೆಂಡರ್ ಹತ್ತಿರ, ಅಟೆಂಡರ್ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಹಳೆಯ ಕಂಪ್ಯೂಟರ್ ಡಬ್ಬ, ಮುರಿದ ಕುರ್ಚಿ ಅದರೊಳಗೇ. ಅದರ ನಡುವೆ ಒಂದು ಪರದೆ, ಒಂದು ಮೈಕು. ಆ ಹೊತ್ತಿಗೆ ರಾಜ್ಯದ ಬೇರೆ ಬೇರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದೇ ಪಾಠ ಏಕಕಾಲಕ್ಕೆ ನಡೆಯುತ್ತಿರುತ್ತಿತ್ತು. ಒಳ್ಳೆಯ ಪ್ರೊಫೆಸರ್ ಒಬ್ಬರು ಸ್ಟುಡಿಯೊದಲ್ಲಿ ಕೂತು ಪಾಠ ಮಾಡಿದರೆ ಎಲ್ಲ ಕಾಲೇಜಿಗೂ ಸಿಗಲಿ ಎಂಬುದು ಯೋಜನೆ. ನಮ್ಮ ತರಗತಿಯ ಅರವತ್ತು ಜನರಲ್ಲಿ ಹೋಗುತ್ತಿದ್ದವರು ಆರೇಳು ಮಂದಿ, ಹೆಚ್ಚಿನವರು ನನ್ನಂತೆ ಹಳ್ಳಿಯ ಕಡೆಯವರು. ನನಗೆ ಆ ರೂಮು ಹಿಡಿಸಿದ್ದಕ್ಕೆ ಕಾರಣ ಸರಳ. ಪರದೆಯ ಮೇಲಿನ ಪ್ರೊಫೆಸರಿಗೆ ನಾನು ಕಾಣುವುದಿಲ್ಲ. ಅರ್ಥವಾಗದ ಮುಖ ಹಾಕಿಕೊಂಡು ಕೂತರೂ ನಾಚಿಕೆಯಿಲ್ಲ. ಅವರು ನಿಧಾನವಾಗಿ ಬರೆಯುತ್ತಿದ್ದರು, ಬರೆದದ್ದನ್ನು ಓದುತ್ತಿದ್ದರು. ಜೋರು ಮಳೆ ಬಂದರೆ ಮಾತ್ರ ಪರದೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಅದು ಯಾರ ತಪ್ಪೂ ಅಲ್ಲ. ಕೆಯು ಬ್ಯಾಂಡಿನ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ದಪ್ಪ ಮಳೆ ಹನಿಗಳು ಅದನ್ನು ನುಂಗಿಹಾಕುತ್ತವೆ. ಈಗಿನ ಮನೆಮನೆಯ ಡಿಶ್‌ಗಳಿಗೂ ಅದೇ ರೋಗ.

ನಾಲ್ಕನೇ ಸೆಮಿಸ್ಟರಿನಲ್ಲಿ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಎಂಬ ವಿಷಯ. ಕನ್ವಲ್ಯೂಷನ್ ಪಾಠ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಪ್ರೊಫೆಸರ್ ಹೇಗೆ ಹೋದರೆಂದು ತಿಳಿಯಲಿಲ್ಲ. ಅವರು ಪ್ರಶ್ನೆ ಇದ್ದರೆ ಕೇಳಿ ಎಂದರು. ಅಟೆಂಡರ್ ಅವತ್ತು ಯಾಕೋ ರೂಮಿನಲ್ಲೇ ಇದ್ದರು. ಮೈಕನ್ನು ಎತ್ತಿ ನನ್ನ ಕೈಗೇ ಕೊಟ್ಟು, "ಕೇಳಪ್ಪಾ, ಸುಮ್ನೆ ಯಾಕ್ ಇರ್ತೀಯ" ಎಂದರು. ನಾನು "ಸರ್, ಪ್ಲೀಸ್ ರಿಪೀಟ್ ದಟ್ ಥರ್ಡ್ ಸ್ಟೆಪ್" ಎಂದೆ. ಅಷ್ಟೇ ಇಂಗ್ಲಿಷ್. ನನ್ನ ಧ್ವನಿ ಕಾಲೇಜಿನ ತಾರಸಿಯಿಂದ 36,000 ಕಿಲೋಮೀಟರ್ ಮೇಲೆ ಹೋಗಿ, ಅಷ್ಟೇ ದೂರ ಕೆಳಗಿಳಿದು ಸ್ಟುಡಿಯೊ ಮುಟ್ಟಬೇಕು. ಬೆಳಕಿನ ವೇಗದಲ್ಲಿ ಹೋದರೂ ಕಾಲು ಸೆಕೆಂಡು. ಅವರ ಉತ್ತರಕ್ಕೆ ಇನ್ನೊಂದು ಕಾಲು ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲಿ ನನ್ನ ಎದೆ ಹೊಡೆದುಕೊಂಡದ್ದು ನನಗಿನ್ನೂ ಗೊತ್ತು. ಪ್ರೊಫೆಸರ್ ತಲೆಯಾಡಿಸಿ, ಮೂರನೆಯ ಸಾಲನ್ನು ಅಳಿಸಿ ಮತ್ತೆ ಬರೆದರು, ನಡುವೆ ತಾವು ಹಾರಿಸಿದ್ದ ಎರಡು ಸಾಲು ಸೇರಿಸಿದರು. ಬೆಳಗಾವಿಯಿಂದ ಕೋಲಾರದವರೆಗೆ ಎಷ್ಟು ರೂಮುಗಳಲ್ಲಿ ಹುಡುಗರು ಕೂತಿದ್ದರೋ ಅವರೆಲ್ಲ ಆ ಎರಡು ಸಾಲು ಬರೆದುಕೊಂಡಿರಬೇಕು. ಆ ಸೆಮಿಸ್ಟರಿನಲ್ಲಿ ನನ್ನ ಯಾವ ವಿಷಯವೂ ಹೋಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಂದಿನ ವಾರ ನಮ್ಮ ಸ್ವಂತ ತರಗತಿಯಲ್ಲೇ ಎದ್ದುನಿಂತು ಇನ್ನೊಂದು ಪ್ರಶ್ನೆ ಕೇಳಿದೆ.

ಎಜುಸ್ಯಾಟ್ ಬಾಳ್ವಿಕೆ ಏಳು ವರ್ಷ ಎಂದು ಅಂದಾಜು ಮಾಡಿದ್ದರು. 2010ರ ಸೆಪ್ಟೆಂಬರ್ 30ರಂದು ಅದರ ಸೇವೆ ನಿಂತಿತು, ಆರು ವರ್ಷ ಹತ್ತು ದಿನ. ನಾನಾಗ ಏಳನೇ ಸೆಮಿಸ್ಟರ್. ಇಂಥ ಉಪಗ್ರಹಕ್ಕೆ ಸೂರ್ಯನಿಂದ ವಿದ್ಯುತ್ ಸಿಗುತ್ತಲೇ ಇರುತ್ತದೆ, ಆದರೆ ಸೂರ್ಯ ಚಂದ್ರರ ಸೆಳೆತಕ್ಕೆ ಜಾಗ ಬಿಟ್ಟು ಸರಿಯುವುದನ್ನು ತಡೆಯಲು ಆಗಾಗ ಚೂರು ಇಂಧನ ಉರಿಸಿ ಸ್ವಸ್ಥಾನಕ್ಕೆ ತರಬೇಕು. ಆ ಇಂಧನ ಇರುವವರೆಗೆ ಮಾತ್ರ ಆಯುಷ್ಯ. ಕೊನೆಯ ಹನಿಯಲ್ಲಿ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳಿ, ಬೇರೆಯವರ ದಾರಿಗೆ ಅಡ್ಡ ಬರದ ಕಕ್ಷೆಯಲ್ಲಿ ಬಿಟ್ಟುಬಿಡುತ್ತಾರೆ. ಅದಕ್ಕೆ ಸ್ಮಶಾನ ಕಕ್ಷೆ ಎಂದೇ ಹೆಸರು. ಎಜುಸ್ಯಾಟ್ ಈಗಲೂ ಅಲ್ಲೇ ಸುತ್ತುತ್ತಿದೆ.

ಅಷ್ಟು ಹೊತ್ತಿಗೆ ದೇಶದಲ್ಲಿ 80ಕ್ಕೂ ಮಿಕ್ಕಿದ ಜಾಲಗಳು, 50 ಸಾವಿರಕ್ಕೂ ಹೆಚ್ಚು ಶಾಲೆ ಕಾಲೇಜುಗಳು ಈ ಕಾರ್ಯಕ್ರಮಕ್ಕೆ ಸೇರಿದ್ದವು. ಜಾಲಗಳನ್ನು ಬೇರೆ ಉಪಗ್ರಹಗಳಿಗೆ ವರ್ಗಾಯಿಸಬೇಕಾಯಿತು. ಆದರೆ 2010 ಇಸ್ರೋಗೆ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ಒಂದು, ಡಿಸೆಂಬರಿನಲ್ಲಿ ಇನ್ನೊಂದು, ಎರಡು ಜಿಎಸ್‌ಎಲ್‌ವಿ ತಮ್ಮ ಉಪಗ್ರಹಗಳ ಸಮೇತ ಕಡಲು ಪಾಲಾದವು. 2011ರ ಜುಲೈಯಲ್ಲಿ ಜಿಸ್ಯಾಟ್-12 ಹೋಗುವವರೆಗೆ ಜಾಗದ ಬಿಕ್ಕಟ್ಟು ಇದ್ದೇ ಇತ್ತು. ಅದೂ ದೊಡ್ಡ ತೊಂದರೆಯಲ್ಲ ಎನ್ನುತ್ತೇನೆ ನಾನು. ದೊಡ್ಡ ತೊಂದರೆ ನೆಲದ ಮೇಲಿತ್ತು. ಉಪಗ್ರಹ ಬದಲಾದರೆ ನೆಲದ ಬುಟ್ಟಿ ತಿರುಗಬೇಕು. 74 ಡಿಗ್ರಿ ಕಡೆ ಮುಖ ಮಾಡಿದ ಬುಟ್ಟಿಗೆ ಬೇರೆ ಕಡೆ ಇರುವ ಉಪಗ್ರಹ ಕಾಣುವುದಿಲ್ಲ. ಒಂದೊಂದು ಶಾಲೆಗೂ ಒಬ್ಬ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಹೋಗಿ, ತಾರಸಿ ಹತ್ತಿ, ಮೀಟರ್ ನೋಡುತ್ತಾ ಬುಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ ಬಿಗಿಯಬೇಕು. ಉಪಗ್ರಹ ಕಟ್ಟಲು ಹಣವಿತ್ತು, ಹಾರಿಸಲು ಹಣವಿತ್ತು. ಗುಡ್ಡದ ಮೇಲಿನ ಶಾಲೆಗೆ ಸ್ಪ್ಯಾನರ್ ಹಿಡಿದು ಹೋಗುವವನ ಬಸ್ ಚಾರ್ಜಿಗೆ ಯಾವ ಲೆಕ್ಕದಲ್ಲಿ ಹಣ? ಮಹಾಲೇಖಪಾಲರ ವರದಿಯೂ ಈ ಯೋಜನೆಯ ಬಳಕೆ ಸಾಲದು ಎಂದು ಟೀಕಿಸಿತು. ನಮ್ಮ ಕಾಲೇಜಿನ ರೂಮಿಗೆ ಆ ವರ್ಷ ಕಾಯಂ ಬೀಗ ಬಿತ್ತು. ತಾರಸಿಯ ಬುಟ್ಟಿ ನಾನು ಕಾಲೇಜು ಬಿಡುವಾಗಲೂ ಅಲ್ಲೇ ಇತ್ತು, ಅದರಲ್ಲಿ ಮಳೆನೀರು ನಿಂತು ಕಾಗೆಗಳು ಕುಡಿಯುತ್ತಿದ್ದವು.

ಹಾಗೆಂದು ಅದನ್ನು ಸೋತ ಯೋಜನೆ ಎಂದು ನಾನು ಒಪ್ಪುವುದಿಲ್ಲ. ಆಫೀಸಿನಲ್ಲಿ ಒಮ್ಮೆ ಈ ಮಾತು ಬಂದಾಗ ಸಹೋದ್ಯೋಗಿಯೊಬ್ಬರು, ಯೂಟ್ಯೂಬ್ ಬರುವ ಕಾಲಕ್ಕೆ ಉಪಗ್ರಹ ಹಾರಿಸಿದ್ದು ದಂಡ ಎಂದರು. ಅವರು ಓದಿದ್ದು ದೊಡ್ಡ ಊರಿನಲ್ಲಿ. 2008ರಲ್ಲಿ ತ್ಯಾಮಗೊಂಡ್ಲುವಿನಲ್ಲಿ ಯೂಟ್ಯೂಬ್ ನೋಡಲು ಎಷ್ಟು ಜನಕ್ಕೆ ಸಾಧ್ಯವಿತ್ತು ಎಂದು ಅವರನ್ನು ಕೇಳಿದೆ. ಉತ್ತರ ಬರಲಿಲ್ಲ.

ನೆರೆಯವರಿಗೆ ಹಂಚುವಷ್ಟು ಈ ವಿದ್ಯೆ ಬೆಳೆದದ್ದನ್ನೂ ಹೇಳಬೇಕು. 2017ರ ಮೇ 5ರಂದು ಜಿಎಸ್‌ಎಲ್‌ವಿ-ಎಫ್09 ಹೊತ್ತೊಯ್ದ ಜಿಸ್ಯಾಟ್-9, ಅಂದರೆ ದಕ್ಷಿಣ ಏಷ್ಯಾ ಉಪಗ್ರಹ, ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್‌ನಂಥ ನೆರೆಹೊರೆಗೆ ಉಡುಗೊರೆ. 2,230 ಕಿಲೋ, 12 ಕೆಯು ಬ್ಯಾಂಡ್ ಟ್ರಾನ್ಸ್‌ಪಾಂಡರ್. ದೂರಶಿಕ್ಷಣವೂ ಅದರ ಕೆಲಸಗಳಲ್ಲಿ ಒಂದು. ಮೊದಲು ಸಾರ್ಕ್ ಉಪಗ್ರಹ ಎಂದೇ ಹೆಸರಿತ್ತು, ಪಾಕಿಸ್ತಾನ ಹಿಂದೆ ಸರಿದದ್ದರಿಂದ ಹೆಸರು ಬದಲಾಯಿತು. ಅದು ಹೋದ ಎರಡೂವರೆ ತಿಂಗಳಿಗೆ, ಜುಲೈ 24ರಂದು, ಯು.ಆರ್. ರಾವ್ ತೀರಿಕೊಂಡರು. ಪೀಣ್ಯದ ಶೆಡ್ಡಿನಿಂದ ಬೆಳೆದ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರ ಹೆಸರು.

2020ರಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿತ್ತು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಬಂದೆ. ಅಕ್ಕನ ಮಗಳು ಆಗ ಒಂಬತ್ತನೇ ತರಗತಿ, ನಮ್ಮ ಶಾಲೆಯಲ್ಲೇ. ಮನೆಯಲ್ಲಿ ಒಂದೇ ಫೋನು, ಅದು ಭಾವ ಕೆಲಸಕ್ಕೆ ಹೋಗುವಾಗ ಜೇಬಿನಲ್ಲಿ ಹೋಗುತ್ತಿತ್ತು. ಆ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೇ ತರಗತಿಯವರಿಗೆ ಸಂವೇದ ಎಂಬ ಪಾಠ ಶುರುವಾಯಿತು. ಅಕ್ಕನ ಮನೆಯ ತಾರಸಿಯ ಮೇಲೆ ಡಿಡಿ ಫ್ರೀ ಡಿಶ್ ಬುಟ್ಟಿಯಿತ್ತು. ತಿಂಗಳ ಬಾಡಿಗೆಯಿಲ್ಲದ ಡಿಶ್ ಅದು. ಅದಕ್ಕೆ ಸಂಕೇತ ಬರುವುದು 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ, ಹಾಗಾಗಿ ನಮ್ಮೂರಿನಲ್ಲಿ ಆ ಬುಟ್ಟಿಗಳು ಆಗ್ನೇಯಕ್ಕೆ ಮುಖ ಮಾಡಿರುತ್ತವೆ. ಅಡುಗೆಮನೆಯ ದಿಕ್ಕು ಎಂದು ಅಕ್ಕ ನಕ್ಕಳು. ಹದಿನಾರು ವರ್ಷದ ಹಿಂದೆ ಪೇಪರಿನಲ್ಲಿ ಓದಿದ್ದು, ಕನ್ನಡದ ಪಾಠ ಆಕಾಶದಿಂದ ಹಳ್ಳಿಯ ಮನೆಗೆ, ನಮ್ಮ ನಡುಮನೆಗೆ ಕೊನೆಗೂ ಬಂದಿತ್ತು.

ಬಂದರೂ ಹಳೆಯ ಕೊರತೆ ಹಾಗೇ ಇತ್ತು. ಕರೆಂಟು ಹೋದರೆ ಪಾಠ ಹೋಯಿತು. ಈ ಸಲ ಮೈಕೂ ಇಲ್ಲ. ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೇಳಬೇಕಾದ್ದನ್ನು ಬರೆದಿಟ್ಟುಕೊಳ್ಳುತ್ತಿದ್ದಳು. ನಾನು ಹೇಳಿಕೊಡುತ್ತೇನೆ ಕೊಡು ಎಂದರೆ, "ಬೇಡ ಮಾಮ, ನೀನು ಇಂಗ್ಲಿಷಲ್ಲಿ ಹೇಳ್ತೀಯ" ಎಂದಳು. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲೇ ಓದಿದ ನಾನು ಬಹುಪದೋಕ್ತಿ ಎಂಬ ಶಬ್ದಕ್ಕೆ ತಡವರಿಸಿದ್ದು ನಿಜ.

ಆಗಸ್ಟಿನಲ್ಲಿ ವಿದ್ಯಾಗಮ ಎಂದು ಶುರುವಾಗಿ, ಮೇಷ್ಟ್ರುಗಳೇ ಮಕ್ಕಳಿದ್ದ ಕಡೆ ಬಂದರು. ನಮ್ಮ ಬೀದಿಯ ಮಕ್ಕಳು ಅರಳಿಕಟ್ಟೆಯ ಮೇಲೆ ದೂರ ದೂರ ಕೂತರು. ಗಣಿತದ ಮೇಡಂ ಮಾಸ್ಕ್ ಹಾಕಿಕೊಂಡು ಸ್ಕೂಟರ್‌ನಲ್ಲಿ ಬಂದಿಳಿದರು. ನಾನು ದೂರದಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಮೀಟಿಂಗಿನಲ್ಲಿದ್ದವನು ಮ್ಯೂಟ್ ಮಾಡಿ ನೋಡುತ್ತಾ ಕೂತೆ. ಅಕ್ಕನ ಮಗಳು ನೋಟ್‌ಬುಕ್ ಹಿಂದಿನಿಂದ ತೆರೆದು ಎದ್ದುನಿಂತಳು. "ಮಿಸ್, ಚಂದನದಲ್ಲಿ ಬೇಗ ಅಳಿಸಿಬಿಟ್ರು. ಎರಡನೇ ಸಾಲಿಂದ ಮೂರನೇ ಸಾಲು ಹೆಂಗೆ ಬಂತು?"

ಮೇಡಂ ಬ್ಯಾಗಿನಿಂದ ಸೀಮೆಸುಣ್ಣ ತೆಗೆದು, ಕಟ್ಟೆಯ ಚಪ್ಪಡಿಯ ಮೇಲಿನ ಒಣಗಿದ ಎಲೆಗಳನ್ನು ಕೈಯಿಂದ ಸರಿಸಿ, ಮೊದಲನೆಯ ಸಾಲಿನಿಂದ ಬರೆಯತೊಡಗಿದರು.